ಅಡುಗೆಮನೆಯ 200 ಲಕ್ಸ್: ಯಾರ ಕಣ್ಣಿಗೆ?

1. ಅಂಕಿಯ ಮೂಲ

ಭಾರತೀಯ ಮಾನಕ 2440 (1975ರ ಪರಿಷ್ಕರಣೆ) ಅಡುಗೆಕೋಣೆಗೆ ಶೇ. 2.5, ಓದುವ ಕೋಣೆಗೆ ಶೇ. 1.9 ಹಗಲುಬೆಳಕಿನ ಅಂಶವನ್ನು (ಹೊರಗಿನ ಬೆಳಕಿನಲ್ಲಿ ಕೋಣೆಯೊಳಗೆ ತಲುಪುವ ಪಾಲು) ಸೂಚಿಸುತ್ತದೆ. ಲೆಕ್ಕಕ್ಕೆ ಹಿಡಿದ ಹೊರಗಿನ ಬೆಳಕು, ನೇರ ಬಿಸಿಲು ಬಿಟ್ಟು, 8000 ಲಕ್ಸ್. ಹಾಗಾಗಿ ಅಡುಗೆಗೆ 200, ಓದಿಗೆ 152 ಲಕ್ಸ್. ಓದಿಗಿಂತ ಅಡುಗೆಗೆ ಹೆಚ್ಚು ಎಂಬ ಈ ಕ್ರಮ ಮನೆ ಕಟ್ಟಿಸುವಾಗ ತಲೆಕೆಳಗಾಗುವುದೇ ಹೆಚ್ಚು.

8000 ಎಂಬುದು ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿರುವಾಗಿನ ಆಕಾಶದ ಬೆಳಕು. ಬೆಂಗಳೂರಿನ ಅಕ್ಷಾಂಶದಲ್ಲಿ (ಸು. 13 ಡಿಗ್ರಿ ಉ.), ಹಗಲಿರುಳು ಸಮವಾದ ದಿನ, ಇದು ಸೂರ್ಯೋದಯವಾದ ಸುಮಾರು 62 ನಿಮಿಷಕ್ಕೆ. ಮಕ್ಕಳ ಊಟದ ಡಬ್ಬಿ ಅಷ್ಟರಲ್ಲಿ ಕಟ್ಟಿ ಆಗಿರುತ್ತದೆ. ಆ ಹೊತ್ತಿನ ಕೆಲಸ ದೀಪದ್ದೇ.

2. ವಯಸ್ಸು: ಎರಡು ಲೆಕ್ಕಗಳು

ಆರ್. ಎ. ವೀಲ್ ಅವರ 1961ರ ಅಂದಾಜಿನಂತೆ, 60ರ ವಯಸ್ಸಿನಲ್ಲಿ ಅಕ್ಷಿಪಟ ತಲುಪುವ ಬೆಳಕು 20ರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗುವುದು, ಮಸೂರ ಹಳದಿಗಟ್ಟುವುದು ಮುಖ್ಯ ಕಾರಣಗಳು. ಇದರಿಂದ ಅಜ್ಜಿಗೆ 600 ಲಕ್ಸ್ ಎಂದು ಗುಣಿಸುವುದು ಸಲ್ಲದು: ಬೆಳಕು ಮೂರುಪಟ್ಟಾದರೆ ಕಾಣುವಿಕೆ ಮೂರುಪಟ್ಟಾಗುವುದಿಲ್ಲ.

ಎರಡನೆಯ ಲೆಕ್ಕ ಇದಕ್ಕೆ ಎದುರು ನಿಲ್ಲುತ್ತದೆ. ಬೆಳಕಿನ ಅಂತರರಾಷ್ಟ್ರೀಯ ಆಯೋಗದ 2002ರ ಒಂದು ಸೂತ್ರದಲ್ಲಿ, ಕಣ್ಣೊಳಗೆ ಚದುರಿ ನೋಟವನ್ನು ಮಂಕಾಗಿಸುವ ಬೆಳಕು 1 + (ವಯಸ್ಸು/70)⁴ ಎಂಬ ಗುಣಕದಂತೆ ಏರುತ್ತದೆ. 25ಕ್ಕೆ 1.02, 70ಕ್ಕೆ 2, 80ಕ್ಕೆ 2.71. (ಇದು ಆರೋಗ್ಯವಂತ ಕಣ್ಣಿನ ಸೂತ್ರ, ಪೊರೆ ಬಂದ ಕಣ್ಣಿಗೆ ಅನ್ವಯಿಸಬಾರದು.) ಅಂದರೆ ಹಿರಿಯರಿಗೆ ಹೆಚ್ಚುವ ತರಕಾರಿಯ ಮೇಲೆ ಹೆಚ್ಚು ಬೆಳಕು, ಕಣ್ಣಿಗೆ ನೇರ ಬೀಳುವುದು ಕಡಿಮೆ ಬೇಕು. ಚಾವಣಿಯ ದೀಪದ ವ್ಯಾಟ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ.

3. ಮಿನುಗು, ಬಣ್ಣ

50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವಿಲ್ಕಿನ್ಸ್ ಮತ್ತು ಸಂಗಡಿಗರ 1989ರ ಅಧ್ಯಯನದಲ್ಲಿ, ಹೆಚ್ಚಿನ ಆವರ್ತನದ ಚೋಕ್ ಬಳಸಿದಾಗ ತಲೆನೋವು, ಕಣ್ಣುನೋವಿನ ಸರಾಸರಿ ಅರ್ಧಕ್ಕಿಂತ ಕೆಳಗಿಳಿಯಿತು. ಅದು ಕಚೇರಿಯಲ್ಲಿ ನಡೆದದ್ದು, ಟ್ಯೂಬ್‌ಲೈಟ್ ಕುರಿತದ್ದು. ಎಲ್‌ಇಡಿಗೆ ಹಾಗೇ ಎತ್ತಿಕೊಳ್ಳಲಾಗದು. ಆದರೂ ಅರೆತಲೆನೋವಿನವರಿರುವ ಮನೆಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ.

ಬಣ್ಣ ತೋರಿಕೆಯ ಸೂಚ್ಯಂಕ (ಆರ್‌ಎ) 8 ಮಾದರಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅವುಗಳಲ್ಲಿಲ್ಲ. ಅದು ಆರ್‌9 ಎಂಬ ಬೇರೆ ಎಣಿಕೆ. ಸೂಚ್ಯಂಕ 80 ಇದ್ದ ದೀಪದಡಿಯೂ ಬ್ಯಾಡಗಿ ಮೆಣಸಿನಪುಡಿ ಮಂಕಾಗಿ ಕಾಣಬಹುದು.

4. ದೀಪದ ಜಾಗ

ಬೆನ್ನ ಹಿಂದಿನ ಗೋಡೆಯ ದೀಪ ಅಡುಗೆ ಮಾಡುವವರ ನೆರಳನ್ನೇ ಕಟ್ಟೆಯ ಮೇಲೆ ಚೆಲ್ಲುತ್ತದೆ. ನುಣುಪಾದ ಕಪ್ಪು ಗ್ರಾನೈಟ್‌ನಲ್ಲಿ ಚಾವಣಿ ದೀಪದ ಬಿಂಬ ಕಣ್ಣಿಗೆ ಹೊಡೆಯುತ್ತದೆ. ಮೇಲಿನ ಕಪಾಟಿನ ಅಡಿಗೆ, ಮುಂದಿನ ಅಂಚಿನ ಮರೆಯಲ್ಲಿ ಎಲ್‌ಇಡಿ ಪಟ್ಟಿ ಹಾಕಿದರೆ ಮೊದಲನೆಯ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ದೂರ 2 ಮೀಟರ್‌ನಿಂದ 0.5 ಮೀಟರ್‌ಗೆ ಇಳಿದರೆ ಬಿಂದುದೀಪಕ್ಕೆ ಬೆಳಕು 16 ಪಟ್ಟು, ಅನಂತ ಉದ್ದದ ಪಟ್ಟಿಗೆ 4 ಪಟ್ಟು. ಮನೆಯ ಪಟ್ಟಿ ಇವೆರಡರ ನಡುವೆ.

ಈ ಲೆಕ್ಕವೆಲ್ಲ ನಿಂತು ಅಡುಗೆ ಮಾಡುವವರದು. ನಿಂತವರಿಗೆ ಮರೆಯಾದ ಅದೇ ಪಟ್ಟಿ, ಎದುರಿಗೆ ಈಳಿಗೆಮಣೆ ಹಾಕಿ ಕುಳಿತವರ ಕಣ್ಣಿಗೆ ನೇರವಾಗಿ ರಾಚುತ್ತದೆ, ಗಾಲಿಕುರ್ಚಿಯಲ್ಲಿರುವವರಿಗೂ ಹಾಗೆಯೇ. ಅಂಥ ಮನೆಯಲ್ಲಿ ಪಟ್ಟಿಗೆ ಹಾಲುಬಣ್ಣದ ಮುಚ್ಚಳ, ಚಾವಣಿ ದೀಪಕ್ಕೆ ಬೇರೆ ಸ್ವಿಚ್ಚು ಬೇಕು. ಲಕ್ಸ್ ಮೀಟರನ್ನು ಕಟ್ಟೆಯ ಮೇಲೊಮ್ಮೆ, ಈಳಿಗೆಯ ಪಕ್ಕ ನೆಲದ ಮೇಲೊಮ್ಮೆ ಇಟ್ಟು ಎರಡನ್ನೂ ಬೇರೆಯಾಗಿಯೇ ಬರೆದುಕೊಳ್ಳಬೇಕು.