ಚಕ್ಕಡಿಯ ಅಚ್ಚು, ಸೈಕಲ್ಲಿನ ಬೇರಿಂಗ್

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ತಿರುಗುವ ಕೀಲಿನ ಆರೈಕೆ ಚಕ್ಕಡಿಯಿಂದ ಶುರುವಾಯಿತು. ಹುಬ್ಬಳ್ಳಿ–ಹರಿಹರ ರೈಲು ಮಾರ್ಗ ಸವಣೂರು ತಾಲ್ಲೂಕಿನ ಯಲವಿಗಿ, ಮುಂದೆ ಹಾವೇರಿ, ಬ್ಯಾಡಗಿಗಳ ಮೇಲೆ ಹಾದುಹೋಯಿತು. ಹಾನಗಲ್ಲಿಗೂ ಹಿರೇಕೆರೂರಿಗೂ ಹಳಿ ಬರಲಿಲ್ಲ. ಹಾನಗಲ್ಲ ಕಡೆಯ ಭತ್ತ ಪೇಟೆ ಸೇರಬೇಕಾದರೆ ಎತ್ತಿನ ಗಾಡಿಯೇ ಗತಿ. ಗಾಲಿಯನ್ನು ಬಡಿಗ ಮಾಡಿದರೆ ಅದರ ಪಟ್ಟಾವನ್ನು ಕಮ್ಮಾರ ಕೆಂಪಗೆ ಕಾಯಿಸಿ ತೊಡಿಸುತ್ತಿದ್ದ. ಕೀಲೆಣ್ಣೆ ಮಾತ್ರ ಗಾಡಿ ಹೊಡೆಯುವವನ ಪಾಲು. ಸುಟ್ಟ ಹುಲ್ಲಿನ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿದರೆ ಅದು ಸಿದ್ಧ. ಎಣ್ಣೆ ಬತ್ತಿದ ಗಾಲಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು, ಗಾಲಿಯ ನಡುವಿನ ಗುಂಬ ಸವೆಯುತ್ತಿತ್ತು.

ಅಚ್ಚು ಗುಂಬದಲ್ಲಿ ಉಜ್ಜುವ ಬದಲು ಉಕ್ಕಿನ ಗುಂಡುಗಳ ಮೇಲೆ ಉರುಳುವ ಏರ್ಪಾಡಿಗೆ, ಅಂದರೆ ಬಾಲ್ ಬೇರಿಂಗಿಗೆ, 1869ರಲ್ಲಿ ಪ್ಯಾರಿಸ್ಸಿನ ಜೂಲ್ ಸುರಿರೇ ಪೇಟೆಂಟ್ ಪಡೆದ. ಆದರೆ ಗುಂಡುಗಳೆಲ್ಲ ಒಂದೇ ಅಳತೆಯವಾಗದೆ ಅದು ಅಗ್ಗವಾಗುವಂತಿರಲಿಲ್ಲ. 1883ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫಿಶರ್ ಗುಂಡು ಅರೆಯುವ ಯಂತ್ರ ಕಟ್ಟಿದ ಮೇಲೆ ಆ ಅಡ್ಡಿ ಕಳೆಯಿತು. ಭಾರತದಲ್ಲಿ ಸ್ವಾತಂತ್ರ್ಯದ ನಂತರ ಮದ್ರಾಸಿನ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, 1956ರಿಂದ ಲುಧಿಯಾನದ ಹೀರೋ ಕಾರ್ಖಾನೆಗಳು ಸೈಕಲ್ಲನ್ನು ಸಣ್ಣ ಊರುಗಳ ಕೈಗೆಟುಕಿಸಿದವು. ಬಸ್ ನಿಲ್ದಾಣ, ಸಂತೆಪೇಟೆಗಳ ಬದಿಗೆ ಸೈಕಲ್ ಅಂಗಡಿಗಳು ಹುಟ್ಟಿದವು. ಬಾಡಿಗೆ, ಪಂಕ್ಚರ್, ಓವರಾಯಿಲ್ ಮೂರೂ ಅಲ್ಲೇ.

ಓವರಾಯಿಲ್ ಎಂದರೆ ಬೇರಿಂಗಿನ ಸೇವೆಯೇ. ಸವಣೂರು ಸುತ್ತಿನ ಎರೆ ನೆಲದ ಮಳೆಗಾಲದ ಕೆಸರು ಗಾಲಿಯ ನಡುವಿನ ಹಬ್ಬಿಗೆ ನುಗ್ಗಿತೆಂದರೆ ಗ್ರೀಸು ಮರಳುಕಾಗದದಂತೆ ಉಜ್ಜತೊಡಗುತ್ತದೆ. ಅಚ್ಚಿನ ಮೇಲಿನ ಕೋನ್ ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡು ಕೂರುವ ಕಪ್ಪಿಗೆ ಹೊಸ ಗ್ರೀಸ್ ಬಳಿದು ಒಂದೊಂದಾಗಿ ಕೂರಿಸಬೇಕು. ಬಿಗಿ ಮಾಡುವವರೆಗೆ ಗುಂಡು ಉದುರದಂತೆ ಹಿಡಿದಿಡುವುದೂ ಆ ಗ್ರೀಸೇ. ಸಾಮಾನ್ಯ ರೋಡ್‌ಸ್ಟರ್ ಸೈಕಲ್ಲಿನ ಮುಂದಿನ ಹಬ್ಬಿನಲ್ಲಿ ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದರಲ್ಲಿ 1/4 ಇಂಚಿನ 9 ಗುಂಡು. ಗಾಲಿ ಸಲೀಸಾಗಿ ತಿರುಗಬೇಕು, ಅಲ್ಲಾಡಕೂಡದು. ಈ ಹದ ಹಿಡಿಯುವುದು ಅಳತೆಯ ಉಪಕರಣವಲ್ಲ, ಬೆರಳು.

ಕಂಪನಿಯ ಹತಾರಗಳು ಇಲ್ಲದ ಕಡೆ ಇದ್ದುದರಲ್ಲೇ ದಾರಿ ಹುಡುಕಬೇಕಾಗುತ್ತದೆ. ಹಳೇ ಪಾನಾ ಉಜ್ಜಿ ತೆಳ್ಳಗೆ ಮಾಡಿದರೆ ಕೋನಿಗೆ ಹಿಡಿಯುತ್ತದೆ. ಪೆಡಲ್ ಅಚ್ಚಿನ ಬಲಗಡೆಯ ಕಪ್ ಬಲು ಹಟಮಾರಿ, ಅದರ ತಿರುಪಿನ ಮರೆಯೂ ಉಲ್ಟಾ. ಅದರ ತೂತಿನಲ್ಲಿ ದಪ್ಪ ಬೋಲ್ಟ್ ತೂರಿಸಿ, ಎರಡೂ ಕಡೆ ವಾಷರ್ ಕೊಟ್ಟು ನಟ್ ಬಿಗಿದರೆ ಬೋಲ್ಟೂ ಕಪ್ಪೂ ಒಂದಾಗುತ್ತವೆ. ಆಮೇಲೆ ಬೋಲ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುವಿದರೆ ಕಪ್ ಬಿಚ್ಚಿಕೊಳ್ಳುತ್ತದೆ. ಇದನ್ನು ಬರಿಯ ಕಾಮಚಲಾವ್ ಉಪಾಯವೆಂದು ತಳ್ಳಿಹಾಕುವುದು ತಪ್ಪು. ಚಾಣದಿಂದ ಬಡಿದು ಅಂಚು ಕೆಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮೋಟಾರ್ ಸೈಕಲ್ ಹೆಚ್ಚಿದಂತೆ ಈ ಕಸುಬು ಇಳಿಯಿತು. 2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ರಿಪೇರಿಗೆ ಮತ್ತೆ ಗಿರಾಕಿ ಬಂದರು.

ಈಚಿನ ಮೌಂಟೇನ್ ಬೈಕುಗಳ ಹಿಂದಿನ ಸಸ್ಪೆನ್ಷನ್ನಿನ ಕೀಲುಗಳಲ್ಲಿ ಬಿಡಿ ಗುಂಡುಗಳಿಲ್ಲ. ಒತ್ತಿ ಕೂರಿಸಿದ ಸೀಲ್ಡ್ ಬೇರಿಂಗ್‌ಗಳಿವೆ. ಈ ಕೀಲು ಪೂರ್ತಿ ಸುತ್ತದೆ ಸ್ವಲ್ಪವೇ ಆಡುವುದರಿಂದ ಗುಂಡುಗಳು ಒಂದೇ ಜಾಗವನ್ನು ಒತ್ತುತ್ತವೆ, ನೀರು ಸೇರಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಇಂಥ ಬೇರಿಂಗನ್ನು ಮನೆಯಲ್ಲಿ ಬದಲಿಸಲೂ ಅದೇ ಬೋಲ್ಟ್, ನಟ್, ವಾಷರ್ ಸಾಕು. ಜೊತೆಗೆ ಹೊರಬರುವ ಹಳೇ ಬೇರಿಂಗ್ ಹಿಡಿಸುವಷ್ಟು ಅಗಲದ ಒಂದು ಪೈಪಿನ ತುಂಡು ಬೇಕು. ಹೊಸದನ್ನು ಕೂರಿಸುವಾಗ ಒತ್ತಡ ಹೊರಬಳೆಯ ಮೇಲೆಯೇ ಬೀಳಬೇಕು. ಒಳಬಳೆಯ ಮೇಲೆ ಒತ್ತಿದರೆ ಬೇರಿಂಗ್ ಓಡುವ ಮೊದಲೇ ಕೆಡುತ್ತದೆ.