ಸಿಡ್ನಿಯ ನಗರ ಬುಷ್‌ಲ್ಯಾಂಡ್ ಸಂರಕ್ಷಣೆ

ಸಿಡ್ನಿಯ ನಗರ ಬುಷ್‌ಲ್ಯಾಂಡ್ ಸಂರಕ್ಷಣೆ ಎಂಬುದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ರಾಜಧಾನಿಯಾದ ಸಿಡ್ನಿ ನಗರದೊಳಗೆ ಉಳಿದುಕೊಂಡಿರುವ ನೈಸರ್ಗಿಕ ಕಾಡಿನ ತುಣುಕುಗಳನ್ನು ಕಾಪಾಡಲು ಸ್ಥಳೀಯ ನಿವಾಸಿಗಳು, ಕಾರ್ಮಿಕ ಸಂಘಟನೆಗಳು, ಸ್ವಯಂಸೇವಕರು ಮತ್ತು ಶಾಲೆಗಳು ನಡೆಸಿಕೊಂಡು ಬಂದಿರುವ ಪ್ರಯತ್ನಗಳ ಒಟ್ಟು ಹೆಸರು. 1960ರ ದಶಕದಿಂದ ಈ ಪ್ರಯತ್ನಗಳು ಸಂಘಟಿತ ರೂಪವನ್ನು ಪಡೆದವು. 1971ರಲ್ಲಿ ಹಂಟರ್ಸ್ ಹಿಲ್ ಬಡಾವಣೆಯ ಕೆಲ್ಲೀಸ್ ಬುಷ್ ಎಂಬ ಕಾಡಿನ ತುಣುಕಿನ ರಕ್ಷಣೆಗಾಗಿ ವಿಧಿಸಲಾದ 'ಹಸಿರು ನಿಷೇಧ'ವು ಇಂತಹ ನಿಷೇಧಗಳಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಭೂಮಿಯನ್ನು ಕಟ್ಟಡಗಳಿಂದ ಉಳಿಸಿಕೊಂಡ ಮಾತ್ರಕ್ಕೆ ಅಲ್ಲಿನ ಕಾಡು ಉಳಿಯುವುದಿಲ್ಲ, ಅದಕ್ಕೆ ನಿರಂತರ ಆರೈಕೆ ಮತ್ತು ವೀಕ್ಷಣೆ ಅಗತ್ಯ ಎಂಬ ಅರಿವು ಈ ಚಳವಳಿಯ ವಿಶೇಷವಾಗಿದೆ. ಈ ಕಾರಣದಿಂದ ಯುವ ಪರಿಸರ ವಿಜ್ಞಾನಿಗಳನ್ನು ಪ್ರೋತ್ಸಾಹಿಸುವುದು ಸಹ ಇದರ ಅಂಗವಾಗಿ ಬೆಳೆದಿದೆ.

ಪದದ ಅರ್ಥ

ಆಸ್ಟ್ರೇಲಿಯಾದಲ್ಲಿ 'ಬುಷ್' ಎಂಬ ಪದವು ಕೇವಲ ಪೊದೆಯನ್ನು ಸೂಚಿಸುವುದಿಲ್ಲ. ಎತ್ತರದ ಮರಗಳ ಕಾಡು, ಕುರುಚಲು ಕಾಡು, ಹುಲ್ಲುಗಾವಲು, ಜೌಗು ಪ್ರದೇಶ ಹೀಗೆ ಸ್ಥಳೀಯ ಸಸ್ಯಗಳು ಸಹಜವಾಗಿ ಬೆಳೆದಿರುವ ಭೂಮಿಗೆಲ್ಲ ಈ ಪದ ಅನ್ವಯಿಸುತ್ತದೆ. ನ್ಯೂ ಸೌತ್ ವೇಲ್ಸ್‌ನ ಯೋಜನಾ ನಿಯಮಗಳ ಪ್ರಕಾರ, ಮೂಲ ಸಸ್ಯವರ್ಗದ ಅವಶೇಷವಾಗಿರುವ ಅಥವಾ ಬದಲಾವಣೆಗೆ ಒಳಗಾಗಿದ್ದರೂ ಮೂಲ ಸಸ್ಯವರ್ಗದ ರಚನೆಯನ್ನೂ ಸಸ್ಯ ಪ್ರಭೇದಗಳನ್ನೂ ಪ್ರತಿನಿಧಿಸುವ ಭೂಮಿಯು ಬುಷ್‌ಲ್ಯಾಂಡ್ ಆಗಿದೆ. ಈ ದೃಷ್ಟಿಯಿಂದ ಮನುಷ್ಯರು ನೆಟ್ಟು ಬೆಳೆಸಿದ ಉದ್ಯಾನಕ್ಕಿಂತ ಬುಷ್‌ಲ್ಯಾಂಡ್ ಭಿನ್ನವಾದುದು. ಉದ್ಯಾನವನ್ನು ಬೇರೆ ಕಡೆ ಮತ್ತೆ ನಿರ್ಮಿಸಬಹುದು. ಮಣ್ಣಿನಲ್ಲಿ ಹುದುಗಿರುವ ಬೀಜಸಂಚಯ, ಶಿಲೀಂಧ್ರ ಮತ್ತು ಕೀಟಗಳೊಂದಿಗೆ ಬೆಸೆದುಕೊಂಡಿರುವ ಬುಷ್‌ಲ್ಯಾಂಡನ್ನು ಹಾಗೆ ಸ್ಥಳಾಂತರಿಸಲಾಗುವುದಿಲ್ಲ.

ಭೌಗೋಳಿಕ ಹಿನ್ನೆಲೆ

ಸಿಡ್ನಿ ನಗರದ ಬಹುಭಾಗವು ಹಾಕ್ಸ್‌ಬರಿ ಮರಳುಗಲ್ಲು ಮತ್ತು ಅದರ ಮೇಲಿರುವ ವಿಯಾನಮಟ್ಟ ಶೇಲ್ ಶಿಲಾಪದರಗಳ ಮೇಲೆ ನಿಂತಿದೆ. ಶೇಲ್ ಶಿಲೆಯಿಂದ ಉಂಟಾದ ಮಣ್ಣು ಸಾರವತ್ತಾದುದು. ಆದ್ದರಿಂದ ಯುರೋಪಿಯನ್ನರ ವಸಾಹತು ಆರಂಭವಾದ 1788ರ ನಂತರ ಅಂತಹ ಪ್ರದೇಶಗಳ ಮರಗಳನ್ನು ನಾಟಾಕ್ಕಾಗಿಯೂ, ಬೇಸಾಯ ಹಾಗೂ ಹಣ್ಣಿನ ತೋಟಗಳಿಗಾಗಿಯೂ ಕಡಿಯಲಾಯಿತು. ಮುಂದೆ ಅಲ್ಲಿಯೇ ಬಡಾವಣೆಗಳು ತಲೆಯೆತ್ತಿದವು. ಮರಳುಗಲ್ಲಿನ ಕಡಿದಾದ ಕಣಿವೆಗಳು ಬೇಸಾಯಕ್ಕೂ ಮನೆಕಟ್ಟಲೂ ಅನುಕೂಲವಾಗಿರಲಿಲ್ಲ. ಲೇನ್ ಕೋವ್ ನದಿಯ ಕಣಿವೆ ಹಾಗೂ ಮಿಡ್ಲ್ ಹಾರ್ಬರ್ ಸುತ್ತಲಿನ ಪ್ರದೇಶಗಳಲ್ಲಿ ನಗರದ ನಡುವೆಯೇ ಕಾಡು ಉಳಿದುಕೊಳ್ಳಲು ಇದು ಒಂದು ಮುಖ್ಯ ಕಾರಣವಾಗಿದೆ.

ಇದರ ಪರಿಣಾಮವಾಗಿ ಶೇಲ್ ಮಣ್ಣಿನ ಕಾಡುಗಳು ಇಂದು ಅತ್ಯಂತ ವಿರಳವಾಗಿವೆ. ಉತ್ತರ ಸಿಡ್ನಿಯ ಬ್ಲೂ ಗಮ್ ಹೈ ಫಾರೆಸ್ಟ್ ಎಂಬ ಎತ್ತರದ ಮರಗಳ ಕಾಡಿನಲ್ಲಿ ಅದರ ಮೂಲ ವಿಸ್ತಾರದ ಶೇ. 5ಕ್ಕಿಂತಲೂ ಕಡಿಮೆ ಭಾಗ ಉಳಿದಿದ್ದು, ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಪರಿಸರ ಸಮುದಾಯವೆಂದು ಘೋಷಿಸಲಾಗಿದೆ. ಈ ಕಾಡಿನ ಪ್ರಮುಖ ಮರವಾದ ಸಿಡ್ನಿ ಬ್ಲೂ ಗಮ್ ಕರ್ನಾಟಕದಲ್ಲಿ ನೀಲಗಿರಿ ಎಂದು ಪರಿಚಿತವಾಗಿರುವ ಮರಗಳ ಯೂಕಲಿಪ್ಟಸ್ ಕುಲಕ್ಕೆ ಸೇರಿದೆ. ಕರ್ನಾಟಕದಲ್ಲಿ ನೆಡುತೋಪುಗಳ ಪರಕೀಯ ಮರವಾಗಿರುವ ಈ ಕುಲವು ಸಿಡ್ನಿಯಲ್ಲಿ ಸ್ಥಳೀಯ ಪಕ್ಷಿ, ಪ್ರಾಣಿಗಳಿಗೆ ಆಹಾರವನ್ನೂ ಆಶ್ರಯವನ್ನೂ ಒದಗಿಸುವ ಮೂಲ ಸಸ್ಯವಾಗಿದೆ.

ಇತಿಹಾಸ

ಆರಂಭಿಕ ಹಂತ

ಸಿಡ್ನಿಯ ದಕ್ಷಿಣದಲ್ಲಿ 1879ರಲ್ಲಿ ಸ್ಥಾಪಿತವಾದ ರಾಯಲ್ ನ್ಯಾಷನಲ್ ಪಾರ್ಕ್ ಮತ್ತು ಉತ್ತರದಲ್ಲಿ 1894ರಲ್ಲಿ ಮೀಸಲಿಡಲಾದ ಕು-ರಿಂಗ್-ಗೈ ಚೇಸ್ ನಗರದ ಅಂಚಿನ ವಿಶಾಲ ಅರಣ್ಯಗಳನ್ನು ಉಳಿಸಿದವು. ಬಡಾವಣೆಗಳ ನಡುವಿನ ಸಣ್ಣ ತುಣುಕುಗಳಿಗೆ ಇಂತಹ ರಕ್ಷಣೆ ದೊರೆಯಲಿಲ್ಲ. ಎರಡನೆಯ ಮಹಾಯುದ್ಧದ ನಂತರ ನಗರವು ವೇಗವಾಗಿ ಬೆಳೆದಾಗ ಅವುಗಳಲ್ಲಿ ಹಲವನ್ನು ಬಳಕೆಯಿಲ್ಲದ ಜಾಗವೆಂದು ಪರಿಗಣಿಸಿ ಕಸ ಸುರಿಯಲು, ರಸ್ತೆ ನಿರ್ಮಿಸಲು ಅಥವಾ ಆಟದ ಮೈದಾನ ಮಾಡಲು ಯೋಜಿಸಲಾಯಿತು. ಈಸ್ಟ್ ರೈಡ್‌ನ ಫೀಲ್ಡ್ ಆಫ್ ಮಾರ್ಸ್ ಕಾಡಿಗೂ ಇಂತಹ ಅಪಾಯ ಒದಗಿತ್ತು. ಅದನ್ನು ಕಸದ ಗುಂಡಿಯಾಗದಂತೆ ತಡೆಯಲು ನಿವಾಸಿಗಳು 1966ರಲ್ಲಿ ರೈಡ್ ಮತ್ತು ಹಂಟರ್ಸ್ ಹಿಲ್ ಪ್ರದೇಶದ ಸಸ್ಯ ಹಾಗೂ ಪ್ರಾಣಿ ಸಂರಕ್ಷಣಾ ಸಂಘವನ್ನು ಕಟ್ಟಿದರು.

ಕೆಲ್ಲೀಸ್ ಬುಷ್ ಹೋರಾಟ

ಪರಮಟ್ಟ ನದಿಯ ದಡದಲ್ಲಿರುವ ಕೆಲ್ಲೀಸ್ ಬುಷ್ ಸುಮಾರು 12 ಎಕರೆ ವಿಸ್ತಾರದ ಪ್ರದೇಶ. ಲೋಹ ಕರಗಿಸುವ ಕಾರ್ಖಾನೆಯೊಂದಕ್ಕೆ ಸೇರಿದ್ದ ಈ ಜಾಗದಲ್ಲಿ ಎ. ವಿ. ಜೆನ್ನಿಂಗ್ಸ್ ಕಂಪನಿಯು ಮನೆಗಳನ್ನು ನಿರ್ಮಿಸಲು ಮುಂದಾದಾಗ, ಹಂಟರ್ಸ್ ಹಿಲ್‌ನ 13 ಮಹಿಳೆಯರು 1970ರಲ್ಲಿ 'ಬ್ಯಾಟ್ಲರ್ಸ್ ಫಾರ್ ಕೆಲ್ಲೀಸ್ ಬುಷ್' ಎಂಬ ಗುಂಪನ್ನು ರಚಿಸಿದರು. ಸ್ಥಳೀಯ ಆಡಳಿತಕ್ಕೂ ರಾಜ್ಯ ಸರ್ಕಾರಕ್ಕೂ ಅವರು ಸಲ್ಲಿಸಿದ ಮನವಿಗಳು ಫಲ ನೀಡಲಿಲ್ಲ. ಕೊನೆಗೆ ಅವರು ಕಟ್ಟಡ ಕಾರ್ಮಿಕರ ಸಂಘಟನೆಯಾದ ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್‌ನ ನ್ಯೂ ಸೌತ್ ವೇಲ್ಸ್ ಶಾಖೆಯ ನೆರವನ್ನು ಕೋರಿದರು. ಜ್ಯಾಕ್ ಮಂಡಿ ಆಗ ಆ ಶಾಖೆಯ ಕಾರ್ಯದರ್ಶಿಯಾಗಿದ್ದರು.

ಕಾಡಿನ ರಕ್ಷಣೆಗೆ ಜನಬೆಂಬಲವಿದೆ ಎಂಬುದನ್ನು ಸಾರ್ವಜನಿಕ ಸಭೆಯ ಮೂಲಕ ತೋರಿಸಬೇಕೆಂದು ಸಂಘಟನೆಯು ಕೇಳಿತು. ಸಭೆಯಲ್ಲಿ ಸುಮಾರು 600 ಮಂದಿ ಸೇರಿದರು. 1971ರ ಜೂನ್‌ನಲ್ಲಿ ಸಂಘಟನೆಯು ಆ ಸ್ಥಳದಲ್ಲಿ ತನ್ನ ಸದಸ್ಯರು ಕೆಲಸ ಮಾಡಕೂಡದೆಂದು ನಿರ್ಧರಿಸಿತು. ಸಂಘಟನೆಗೆ ಸೇರದ ಕಾರ್ಮಿಕರಿಂದ ಕೆಲಸ ಮಾಡಿಸಲು ಕಂಪನಿ ಯೋಚಿಸಿದಾಗ, ಅದೇ ಕಂಪನಿಯ ಮತ್ತೊಂದು ಕಟ್ಟಡದಲ್ಲಿ ದುಡಿಯುತ್ತಿದ್ದ ಕಾರ್ಮಿಕರು, ಕೆಲ್ಲೀಸ್ ಬುಷ್‌ನ ಒಂದು ಮರಕ್ಕೆ ಕೈಹಚ್ಚಿದರೂ ತಾವು ಕಟ್ಟುತ್ತಿರುವ ಕಟ್ಟಡ ಅರ್ಧಕ್ಕೇ ನಿಲ್ಲುವುದೆಂದು ಎಚ್ಚರಿಸಿದರು. ಯೋಜನೆ ಸ್ಥಗಿತಗೊಂಡಿತು. 1983ರಲ್ಲಿ ರಾಜ್ಯ ಸರ್ಕಾರವು ಈ ಭೂಮಿಯನ್ನು ಸಾರ್ವಜನಿಕ ಮೀಸಲು ಪ್ರದೇಶವಾಗಿ ಉಳಿಸುವುದಾಗಿ ಪ್ರಕಟಿಸಿತು.

ಹಂಟರ್ಸ್ ಹಿಲ್ ಅನುಕೂಲಸ್ಥರ ಬಡಾವಣೆಯಾಗಿದ್ದುದರಿಂದ, ಅಲ್ಲಿನ ಗೃಹಿಣಿಯರು ಮತ್ತು ಎಡಪಂಥೀಯ ಕಾರ್ಮಿಕ ಸಂಘಟನೆಯ ನಡುವಿನ ಈ ಮೈತ್ರಿಯು ಆ ಕಾಲದಲ್ಲಿ ಅಸಾಮಾನ್ಯವೆನಿಸಿತು. ಮುಂದಿನ ಕೆಲವು ವರ್ಷಗಳಲ್ಲಿ ಇದೇ ಮಾದರಿಯ ನಿಷೇಧಗಳು ಸಿಡ್ನಿಯ ಹಳೆಯ ವಸತಿಗಳು, ಪಾರಂಪರಿಕ ಕಟ್ಟಡಗಳು ಹಾಗೂ ಉದ್ಯಾನಗಳ ರಕ್ಷಣೆಗೂ ಬಳಕೆಯಾದವು.

ಕಾನೂನಿನ ರಕ್ಷಣೆ ಮತ್ತು ರಸ್ತೆ ಯೋಜನೆಗಳು

1986ರಲ್ಲಿ ರಾಜ್ಯ ಸರ್ಕಾರವು ನಗರ ಪ್ರದೇಶದ ಬುಷ್‌ಲ್ಯಾಂಡ್‌ಗಾಗಿಯೇ ಪ್ರತ್ಯೇಕ ಯೋಜನಾ ನೀತಿಯನ್ನು ಜಾರಿಗೆ ತಂದಿತು. ಇದರಿಂದ ಸಾರ್ವಜನಿಕ ಒಡೆತನದ ಬುಷ್‌ಲ್ಯಾಂಡನ್ನು ಕೆಡಿಸುವ ಮುನ್ನ ಅನುಮತಿ ಪಡೆಯುವುದು ಅಗತ್ಯವಾಯಿತು. ಆದರೆ ಹೆದ್ದಾರಿಗಳ ವಿಷಯದಲ್ಲಿ ಹೋರಾಟಗಳು ಮುಂದುವರಿದವು. ದಕ್ಷಿಣ ಸಿಡ್ನಿಯ ವೋಲಿ ಕ್ರೀಕ್ ಕಣಿವೆಯ ಮೂಲಕ ಹಾದುಹೋಗಬೇಕಿದ್ದ ಹೆದ್ದಾರಿಗೆ ನಿವಾಸಿಗಳು ದೀರ್ಘಕಾಲ ವಿರೋಧ ವ್ಯಕ್ತಪಡಿಸಿದರು. ಅಂತಿಮವಾಗಿ ಅದನ್ನು ಸುರಂಗದಲ್ಲಿ ನಿರ್ಮಿಸಲಾಯಿತು, 2001ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಲೇನ್ ಕೋವ್ ಕಣಿವೆಯಲ್ಲಿ ಫಲಿತಾಂಶ ಬೇರೆಯಾಗಿತ್ತು. ವಿರೋಧದ ನಡುವೆಯೂ 1997ರಲ್ಲಿ ತೆರೆದ ಎಂ2 ಹೆದ್ದಾರಿಯು ಅಲ್ಲಿನ ಬುಷ್‌ಲ್ಯಾಂಡನ್ನು ಸೀಳಿಕೊಂಡು ಸಾಗಿತು.

ಕಾಡಿನ ಪುನರುಜ್ಜೀವನ

ಬ್ರ್ಯಾಡ್ಲಿ ವಿಧಾನ

ರಕ್ಷಿತ ಕಾಡಿನ ಆರೈಕೆಗೆ ಶಿಸ್ತುಬದ್ಧ ವಿಧಾನವನ್ನು ರೂಪಿಸಿದವರು ಮೋಸ್ಮನ್ ಬಡಾವಣೆಯ ಸಹೋದರಿಯರಾದ ಐಲೀನ್ ಬ್ರ್ಯಾಡ್ಲಿ (1911–1976) ಮತ್ತು ಜೋನ್ ಬ್ರ್ಯಾಡ್ಲಿ (1916–1982). 1960ರ ದಶಕದಲ್ಲಿ ತಮ್ಮ ಮನೆಯ ಸಮೀಪದ ಕಾಡಿನಲ್ಲಿ ನಡೆದಾಡುವಾಗ ಅವರು ಕಳೆಗಳನ್ನು ಕೈಯಿಂದ ಕೀಳತೊಡಗಿದರು. ಕಳೆಯನ್ನು ಒಮ್ಮೆಲೇ ಸವರಿದ ಕಡೆ ಅದು ಇನ್ನಷ್ಟು ದಟ್ಟವಾಗಿ ಮರಳುತ್ತಿತ್ತು. ಸ್ವಲ್ಪಸ್ವಲ್ಪವೇ ಎಚ್ಚರದಿಂದ ಕಿತ್ತ ಕಡೆ ಸ್ಥಳೀಯ ಸಸ್ಯಗಳು ತಾವಾಗಿಯೇ ಮೊಳೆಯುತ್ತಿದ್ದವು. ಈ ವೀಕ್ಷಣೆಯಿಂದ ಅವರು ಮೂರು ತತ್ತ್ವಗಳನ್ನು ರೂಪಿಸಿದರು:

1. ಸ್ಥಳೀಯ ಸಸ್ಯಗಳು ಚೆನ್ನಾಗಿರುವ ಭಾಗದಿಂದ ಕೆಲಸವನ್ನು ಆರಂಭಿಸಿ, ಕಳೆ ದಟ್ಟವಾಗಿರುವ ಭಾಗದತ್ತ ಸಾಗಬೇಕು.
2. ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು. ನೆಲದ ಮೇಲಿನ ಎಲೆಗಳ ಹೊದಿಕೆಯನ್ನು ಮತ್ತೆ ಮುಚ್ಚಬೇಕು.
3. ಸ್ಥಳೀಯ ಸಸ್ಯಗಳು ಮರಳಿ ಬೆಳೆಯುವ ವೇಗಕ್ಕೆ ತಕ್ಕಂತೆ ಮಾತ್ರ ಕಳೆಯನ್ನು ಕೀಳಬೇಕು.

ಅತ್ಯಂತ ಹದಗೆಟ್ಟ ಜಾಗದಿಂದ ಕೆಲಸ ಆರಂಭಿಸುವುದು ಸಾಮಾನ್ಯ ರೂಢಿಯಾಗಿದ್ದುದರಿಂದ ಮೊದಲ ತತ್ತ್ವವು ಅದಕ್ಕೆ ತದ್ವಿರುದ್ಧವಾಗಿತ್ತು. 1970ರ ದಶಕದಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯಾಷನಲ್ ಟ್ರಸ್ಟ್ ಈ ವಿಧಾನವನ್ನು ಅಳವಡಿಸಿಕೊಂಡಿತು. ಜೋನ್ ಅವರ 'ಬ್ರಿಂಗಿಂಗ್ ಬ್ಯಾಕ್ ದ ಬುಷ್' ಎಂಬ ಪುಸ್ತಕವು ಅವರ ಮರಣಾನಂತರ 1988ರಲ್ಲಿ ಪ್ರಕಟವಾಯಿತು. ಬೆಂಕಿಯ ಬಳಕೆ, ಕಳೆನಾಶಕದ ಸೀಮಿತ ಬಳಕೆ ಮೊದಲಾದ ಕ್ರಮಗಳು ನಂತರದ ದಿನಗಳಲ್ಲಿ ಮೂಲ ವಿಧಾನಕ್ಕೆ ಸೇರ್ಪಡೆಯಾಗಿವೆ. ಮೋಸ್ಮನ್‌ನ ಬ್ರ್ಯಾಡ್ಲೀಸ್ ಹೆಡ್ ಎಂಬ ಭೂಶಿರದ ಹೆಸರಿಗೂ ಈ ಸಹೋದರಿಯರಿಗೂ ಸಂಬಂಧವಿಲ್ಲ; 1788ರಲ್ಲಿ ಬಂದ ಮೊದಲ ನೌಕಾಪಡೆಯ ಅಧಿಕಾರಿ ವಿಲಿಯಂ ಬ್ರ್ಯಾಡ್ಲಿಯ ಹೆಸರನ್ನು ಅದಕ್ಕೆ ಇಡಲಾಗಿದೆ.

ಬುಷ್‌ಕೇರ್ ಗುಂಪುಗಳು

ಇಂದು ಸಿಡ್ನಿಯ ಅನೇಕ ಸ್ಥಳೀಯ ಆಡಳಿತಗಳು 'ಬುಷ್‌ಕೇರ್' ಕಾರ್ಯಕ್ರಮವನ್ನು ನಡೆಸುತ್ತವೆ. ಆಡಳಿತವು ತರಬೇತಿ, ಸಲಕರಣೆ ಮತ್ತು ಮೇಲ್ವಿಚಾರಕರನ್ನು ಒದಗಿಸುತ್ತದೆ. ನಿವಾಸಿಗಳು ಸಾಮಾನ್ಯವಾಗಿ ತಿಂಗಳಿಗೊಮ್ಮೆ ನಿಗದಿತ ಸ್ಥಳದಲ್ಲಿ ಸೇರಿ ಕೆಲವು ಗಂಟೆಗಳ ಕಾಲ ಕೆಲಸ ಮಾಡುತ್ತಾರೆ. ಒಂದೇ ಸ್ಥಳದಲ್ಲಿ ಹಲವು ವರ್ಷ ದುಡಿದವರಿಗೆ ಅಲ್ಲಿನ ಪ್ರತಿಯೊಂದು ಸಸಿಯ ಪರಿಚಯವೂ ಆಗಿರುವುದುಂಟು.

ಅಪಾಯಗಳು

ನಗರದ ಬುಷ್‌ಲ್ಯಾಂಡ್ ಎದುರಿಸುತ್ತಿರುವ ಅಪಾಯಗಳಲ್ಲಿ ಹಲವು ಕಣ್ಣಿಗೆ ಸುಲಭವಾಗಿ ಕಾಣುವಂತಹವಲ್ಲ.

ಪೋಷಕಾಂಶಗಳ ಹೆಚ್ಚಳ: ಮರಳುಗಲ್ಲಿನ ಮಣ್ಣಿನಲ್ಲಿ ರಂಜಕದ ಅಂಶ ಅತ್ಯಲ್ಪ. ಬ್ಯಾಂಕ್ಸಿಯಾ, ಗ್ರೆವಿಲಿಯಾ ಮೊದಲಾದ ಸಸ್ಯಗಳು ಇಂತಹ ಬಡ ಮಣ್ಣಿಗೆ ಹೊಂದಿಕೊಂಡಿವೆ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಸಹ ಗ್ರೆವಿಲಿಯಾ ಕುಲದ ಮರವೇ ಆಗಿದೆ. ರಸ್ತೆ ಮತ್ತು ಹಿತ್ತಲುಗಳಿಂದ ಹರಿದುಬರುವ ಮಳೆನೀರು ಗೊಬ್ಬರ, ಸಾಕುಪ್ರಾಣಿಗಳ ತ್ಯಾಜ್ಯ ಇತ್ಯಾದಿಗಳನ್ನು ಹೊತ್ತು ತಂದು ರಂಜಕದ ಪ್ರಮಾಣವನ್ನು ಹೆಚ್ಚಿಸುತ್ತದೆ. ಆಗ ಸ್ಥಳೀಯ ಸಸ್ಯಗಳು ಹಿಂದೆ ಸರಿದು ಕಳೆಗಳು ಮೇಲುಗೈ ಸಾಧಿಸುತ್ತವೆ.

ಕಳೆಗಳು: ಪ್ರಿವೆಟ್, ಲಂಟಾನ ಮೊದಲಾದ ತೋಟದ ಗಿಡಗಳ ಬೀಜಗಳು ಪಕ್ಷಿಗಳ ಮೂಲಕ ಕಾಡಿಗೆ ಹರಡುತ್ತವೆ. ಅಮೆರಿಕ ಮೂಲದ ಲಂಟಾನವು ಬಂಡೀಪುರ ಸೇರಿದಂತೆ ಕರ್ನಾಟಕದ ಅರಣ್ಯಗಳಲ್ಲಿಯೂ ದೊಡ್ಡ ಸಮಸ್ಯೆಯಾಗಿದೆ.

ಬೆಂಕಿ: ಬ್ಯಾಂಕ್ಸಿಯಾದಂತಹ ಸಸ್ಯಗಳ ಹಲವು ಪ್ರಭೇದಗಳಲ್ಲಿ ಬೀಜಕೋಶಗಳು ಬೆಂಕಿಯ ನಂತರವೇ ತೆರೆದುಕೊಳ್ಳುತ್ತವೆ. ಆದರೆ ಎಳೆಯ ಗಿಡಗಳು ಬೀಜ ಕಟ್ಟುವ ಮುನ್ನವೇ ಮತ್ತೆ ಬೆಂಕಿ ಬಿದ್ದರೆ ಆ ಪ್ರಭೇದವು ಅಲ್ಲಿಂದ ಮರೆಯಾಗಬಹುದು. ಮನೆಗಳು ಸಮೀಪದಲ್ಲಿರುವುದರಿಂದ ಬೆಂಕಿಯ ನಿರ್ವಹಣೆ ಸದಾ ವಿವಾದಾಸ್ಪದವಾಗಿದೆ. 1994ರ ಜನವರಿಯ ಕಾಳ್ಗಿಚ್ಚು ಲೇನ್ ಕೋವ್ ಕಣಿವೆಯನ್ನು ವ್ಯಾಪಿಸಿ ಮನೆಗಳನ್ನೂ ಸುಟ್ಟಿತ್ತು.

ಪ್ರಾಣಿಗಳು ಮತ್ತು ತುಂಡಾದ ಆವಾಸ: ನರಿ ಮತ್ತು ಬೆಕ್ಕುಗಳು ಸ್ಥಳೀಯ ಪ್ರಾಣಿಗಳನ್ನು ಬೇಟೆಯಾಡುತ್ತವೆ. ಆಸ್ಟ್ರೇಲಿಯಾದ ಅತಿ ದೊಡ್ಡ ಗೂಬೆಯಾದ ಪವರ್‌ಫುಲ್ ಔಲ್ ಗೂಡಿಗಾಗಿ ಹಳೆಯ ಮರಗಳ ದೊಡ್ಡ ಪೊಟರೆಗಳನ್ನು ಅವಲಂಬಿಸಿದೆ. ಅಂತಹ ಪೊಟರೆ ಉಂಟಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಗುವುದರಿಂದ, ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವುದು ತಕ್ಷಣದ ಪರಿಹಾರವಾಗಲಾರದು.

ಯುವ ವಿಜ್ಞಾನಿಗಳಿಗೆ ಪ್ರೋತ್ಸಾಹ

ಮೇಲಿನ ಅಪಾಯಗಳು ನಿಧಾನವಾಗಿ ಸಂಭವಿಸುವುದರಿಂದ, ಅವುಗಳನ್ನು ಗುರುತಿಸಲು ದೀರ್ಘಕಾಲದ ದಾಖಲೆಗಳು ಬೇಕಾಗುತ್ತವೆ. ಮನೆ ಹಾಗೂ ಶಾಲೆಗಳ ಸಮೀಪದಲ್ಲಿರುವ ಕಾಡು ವಿದ್ಯಾರ್ಥಿಗಳಿಗೆ ಪ್ರಯೋಗಾಲಯವಾಗಿಯೂ ಒದಗುತ್ತದೆ. ಮಳೆನೀರಿನ ಕಾಲುವೆ ಕಾಡನ್ನು ಸೇರುವ ಸ್ಥಳದ ಮೇಲ್ಭಾಗ ಮತ್ತು ಕೆಳಭಾಗಗಳ ಸಸ್ಯಗಳನ್ನು ಎಣಿಸಿ ಹೋಲಿಸುವಂತಹ ಸರಳ ಅಧ್ಯಯನಕ್ಕೆ ದುಬಾರಿ ಉಪಕರಣಗಳು ಬೇಕಾಗಿಲ್ಲ.

ಪರಿಸರ ಶಿಕ್ಷಣ ಕೇಂದ್ರಗಳು: ಒಮ್ಮೆ ಕಸದ ಗುಂಡಿಯಾಗಲಿದ್ದ ಫೀಲ್ಡ್ ಆಫ್ ಮಾರ್ಸ್ ಕಾಡಿನಲ್ಲಿ ಇಂದು ರಾಜ್ಯ ಶಿಕ್ಷಣ ಇಲಾಖೆಯ ಪರಿಸರ ಶಿಕ್ಷಣ ಕೇಂದ್ರವಿದೆ. ಕು-ರಿಂಗ್-ಗೈ ಚೇಸ್‌ನಲ್ಲಿ ಗಿಬರಗಾಂಗ್ ಕೇಂದ್ರವು ಇದೇ ಬಗೆಯ ಕೆಲಸ ಮಾಡುತ್ತಿದೆ. ಶಾಲಾ ಮಕ್ಕಳು ಇಲ್ಲಿಗೆ ಬಂದು ಕ್ಷೇತ್ರ ಅಧ್ಯಯನ ನಡೆಸುತ್ತಾರೆ.

ಸ್ಟ್ರೀಮ್‌ವಾಚ್: 1990ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಶಾಲೆಗಳು ಹಾಗೂ ಸ್ಥಳೀಯ ಗುಂಪುಗಳು ತೊರೆಗಳ ನೀರಿನ ಆಮ್ಲೀಯತೆ, ಕದಡಿರುವ ಪ್ರಮಾಣ, ಕರಗಿದ ಆಮ್ಲಜನಕ ಮೊದಲಾದವನ್ನು ಅಳೆಯುತ್ತವೆ. ನೀರಿನ ಸಣ್ಣ ಕೀಟಗಳ ಸಮೀಕ್ಷೆಯೂ ಇದರಲ್ಲಿ ಸೇರಿದೆ.

ಫ್ರಾಗ್‌ಐಡಿ: ಆಸ್ಟ್ರೇಲಿಯನ್ ಮ್ಯೂಸಿಯಂ 2017ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಸಾರ್ವಜನಿಕರು ಕಪ್ಪೆಗಳ ಕೂಗನ್ನು ಮೊಬೈಲ್ ಫೋನಿನಲ್ಲಿ ದಾಖಲಿಸಿ ಕಳುಹಿಸುತ್ತಾರೆ. ತಜ್ಞರು ಅದನ್ನು ಆಲಿಸಿ ಪ್ರಭೇದವನ್ನು ಗುರುತಿಸುತ್ತಾರೆ.

ಪ್ರಶಸ್ತಿ ಮತ್ತು ಅನುದಾನ: ನ್ಯೂ ಸೌತ್ ವೇಲ್ಸ್‌ನ ವಿಜ್ಞಾನ ಶಿಕ್ಷಕರ ಸಂಘವು ಶಾಲಾ ವಿದ್ಯಾರ್ಥಿಗಳ ಸ್ವತಂತ್ರ ಸಂಶೋಧನೆಗೆ 'ಯಂಗ್ ಸೈಂಟಿಸ್ಟ್' ಪ್ರಶಸ್ತಿಗಳನ್ನು ನೀಡುತ್ತದೆ. ದಕ್ಷಿಣ ಟರ್ರಮರ್ರ ಬಡಾವಣೆಯ ನಿವಾಸಿಗಳು 1978ರಲ್ಲಿ ಕಟ್ಟಿದ 'ಸ್ಟೆಪ್' ಎಂಬ ಸಂಘಟನೆಯು ಪರಿಸರ ವಿಷಯದ ಶಾಲಾ ಸಂಶೋಧನೆಗೆ ಬಹುಮಾನವನ್ನೂ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನವನ್ನೂ ಒದಗಿಸುತ್ತಾ ಬಂದಿದೆ. ಲೇನ್ ಕೋವ್ ಕಣಿವೆಯ ನಡಿಗೆ ನಕ್ಷೆಗಳನ್ನೂ ಅದು ಪ್ರಕಟಿಸಿದೆ.

ಟೀಕೆಗಳು ಮತ್ತು ಸವಾಲುಗಳು

ಸ್ವಯಂಸೇವಕರಲ್ಲಿ ಹಿರಿಯ ವಯಸ್ಸಿನವರೇ ಹೆಚ್ಚಾಗಿರುವುದು ಈ ಚಳವಳಿಯ ಮುಖ್ಯ ಸವಾಲೆಂದು ಗುರುತಿಸಲಾಗಿದೆ. ಅವರ ಅನುಭವಜ್ಞಾನ ಬಹುಮಟ್ಟಿಗೆ ಬರಹಕ್ಕೆ ಇಳಿಯದಿರುವುದರಿಂದ, ಮುಂದಿನ ಪೀಳಿಗೆ ಬಾರದಿದ್ದರೆ ಅದು ನಷ್ಟವಾಗುವ ಸಂಭವವಿದೆ. ಕಾಳ್ಗಿಚ್ಚಿನ ಅಪಾಯವಿರುವ ಪ್ರದೇಶಗಳಲ್ಲಿ ಮನೆಯಿಂದ 10 ಮೀಟರ್ ಒಳಗಿನ ಮರಗಳನ್ನು ಅನುಮತಿಯಿಲ್ಲದೆ ಕಡಿಯಲು ಅವಕಾಶ ನೀಡುವ 2014ರ ನಿಯಮವನ್ನು, ಬೆಂಕಿಯ ನೆಪದಲ್ಲಿ ಮರಗಳ ನಾಶಕ್ಕೆ ಎಡೆಮಾಡಿಕೊಡುತ್ತದೆ ಎಂದು ಸಂರಕ್ಷಣಾ ಸಂಘಟನೆಗಳು ಟೀಕಿಸಿವೆ. ಜೀವ ಮತ್ತು ಆಸ್ತಿಯ ರಕ್ಷಣೆಗೆ ಅದು ಅಗತ್ಯವೆಂಬುದು ಬೆಂಬಲಿಗರ ವಾದ. ಒಂದು ಕಡೆ ಕಾಡನ್ನು ಕಡಿದು ಮತ್ತೊಂದು ಕಡೆ ಪರಿಹಾರವಾಗಿ ಭೂಮಿಯನ್ನು ಮೀಸಲಿಡುವ ವ್ಯವಸ್ಥೆಯೂ ಚರ್ಚೆಗೆ ಒಳಗಾಗಿದೆ. ನಗರದ ವಸತಿ ಬೇಡಿಕೆ ಏರುತ್ತಿರುವುದರಿಂದ ಉಳಿದ ಬುಷ್‌ಲ್ಯಾಂಡ್ ತುಣುಕುಗಳ ಸುತ್ತ ಕಟ್ಟಡಗಳ ಸಾಂದ್ರತೆ ಹೆಚ್ಚುತ್ತಿದ್ದು, ಮಳೆನೀರಿನ ನಿರ್ವಹಣೆಯು ಮುಂದಿನ ಪ್ರಮುಖ ಪ್ರಶ್ನೆಯಾಗಿ ಉಳಿದಿದೆ.

ಇವನ್ನೂ ನೋಡಿ

ಸಿಡ್ನಿ
ಯೂಕಲಿಪ್ಟಸ್
ಲಂಟಾನ
ಜೀವವೈವಿಧ್ಯ
ರಾಷ್ಟ್ರೀಯ ಉದ್ಯಾನ