ವಿಧಿಯೂ ಹಾರೈಕೆಯೂ

ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ತಂಗಿಯ ಮಗಳೊಬ್ಬಳು ಸ್ಪ್ಯಾನಿಷ್ ಭಾಷೆಯನ್ನು ಅಭ್ಯಾಸಮಾಡುತ್ತಿರುವಳು. 'ಮಾತನಾಡು' ಎನ್ನಲು 'ಆಬ್ಲಾ' ಎಂದು ಕಲಿತವಳು, 'ಮಾತನಾಡಬೇಡ' ಎನ್ನುವಲ್ಲಿ 'ನೋ ಆಬ್ಲೇಸ್' ಎಂದು ಕ್ರಿಯಾರೂಪವೇ ಬದಲಾದುದನ್ನು ಕಂಡು, "ಮಾವ, ಇದೇನು ವಕ್ರತೆ?" ಎಂದಳು.

ವಕ್ರತೆ ನಮ್ಮಲ್ಲಿಯೂ ಉಂಟು. 'ಮಾಡು' ಎಂಬುದಕ್ಕೆ ನಿಷೇಧವಾಗಿ ನಾವು ಹೇಳುವ 'ಮಾಡಬೇಡ'ದಲ್ಲಿರುವುದು 'ಬೇಕು' ಎಂಬುದರ ಎದುರುರೂಪ. ಹಳಗನ್ನಡದ 'ಮಾಡದಿರ್' ಎಂಬುದೋ 'ಮಾಡದೆ ಇರು' ಎಂಬ ಬಳಸುಮಾತು. ಬೇಡವೆನ್ನುವುದಕ್ಕೆ ಎರಡು ಭಾಷೆಗಳೂ ಸಾಲಮಾಡಿವೆ. ಸ್ಪೇನಿನವರು ಸಾಲ ತಂದುದು ಹಾರೈಕೆ ಸಂದೇಹಗಳನ್ನು ತಿಳಿಸುವ ಸಂಭಾವನಾರೂಪದಿಂದ.

ಗೌರವದ ಆಜ್ಞೆಗೂ ಅವರಿಗೆ ಅದೇ ರೂಪವೇ ಗತಿ. ಇದರ ಇತಿಹಾಸವು ಸ್ವಾರಸ್ಯವಾದುದು. 'ವುವೆಸ್ತ್ರಾ ಮೆರ್ಸೆದ್', ಎಂದರೆ 'ತಮ್ಮ ಕೃಪೆ', ಎಂಬ ಸಂಬೋಧನೆಯು ಜನರ ಬಾಯಲ್ಲಿ ಸವೆದು 'ಉಸ್ತೆದ್' ಆಯಿತು. ಮಾತು ವ್ಯಕ್ತಿಯನ್ನು ಬಿಟ್ಟು ಅವನ ಕೃಪೆಯನ್ನು ಕುರಿತಾದ ಮೇಲೆ ಕ್ರಿಯಾಪದವು ಪ್ರಥಮ ಪುರುಷವಾಗಲೇಬೇಕಷ್ಟೆ, ಎದುರಿಗಿಲ್ಲದವರಿಗೆ ಆಜ್ಞೆಮಾಡುವುದೆಂತು? 'ವೆಂಗಾ ಉಸ್ತೆದ್' ಎಂಬುದು ಮೂಲದಲ್ಲಿ 'ತಮ್ಮ ಕೃಪೆಯು ಬರಲಿ' ಎಂಬ ಹಾರೈಕೆ. 'ಸನ್ನಿಧಾನವು ಚಿತ್ತೈಸಬೇಕು' ಎಂದು ಬಿನ್ನವಿಸುತ್ತಿದ್ದ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವರ 'ವೀವಾ' ಎಂಬ ಜಯಘೋಷವೂ 'ಬಾಳಲಿ' ಎಂಬ ಇದೇ ರೂಪವು. ನಮ್ಮಲ್ಲಿ ಹಳಗನ್ನಡದ 'ಗೆ', 'ಕೆ' ಪ್ರತ್ಯಯಗಳು ಈ ಕೆಲಸವನ್ನು ಮಾಡುತ್ತಿದ್ದವು: ಬಾಳ್ಗೆ, ಅಕ್ಕೆ. ಆಡುಮಾತಿನಿಂದ ಅವು ಎಂದೋ ಅಳಿದುವು. ಆದರೂ 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷದಲ್ಲಿ, ವ್ಯಾಕರಣವನ್ನೋದದವರ ನಾಲಗೆಯ ಮೇಲೂ ಒಂದು ರೂಪವು ಉಳಿದಿರುವುದು.

ಕೇಶಿರಾಜನು ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ'ವನ್ನು ರಚಿಸಿ ಕ್ರಿಯಾಪದಗಳಿಗೆ ಆಖ್ಯಾತ ಪ್ರಕರಣವನ್ನು ಮೀಸಲಿಟ್ಟನು. ನೆಬ್ರಿಹಾ ಎಂಬ ಪಂಡಿತನ ಸ್ಪ್ಯಾನಿಷ್ ವ್ಯಾಕರಣವು ಸಾಲಮಾಂಕಾದಲ್ಲಿ ಪ್ರಕಟವಾದುದು 1492ರಲ್ಲಿ. ಗ್ರನಾಡಾ ನಗರದ ಪತನದೊಡನೆ ಆ ದೇಶದಲ್ಲಿ ಮುಸಲ್ಮಾನರ ಆಳ್ವಿಕೆಯು ಮುಗಿದುದೂ ಅದೇ ವರ್ಷ. ರಾಜ್ಯ ಹೋಯಿತು, ಮಾತು ಹೋಗಲಿಲ್ಲ: 'ದೇವರು ಇಚ್ಛಿಸಿದರೆ' ಎಂಬರ್ಥದ ಅರಬ್ಬಿ ನುಡಿಯಿಂದ ಬಂದ 'ಓಹಾಲಾ' ಎಂಬುದನ್ನು ಸ್ಪೇನಿನವರು ಇಂದಿಗೂ ಹಾರೈಕೆಯ ಮುಂದಿಡುವರು, ಅದರ ಹಿಂದೆ ಸಂಭಾವನಾರೂಪವೇ ಬರತಕ್ಕದ್ದು.

ನಮ್ಮ ಸಂಭಾವನಾರೂಪದ ಪಾಡೇನು? 'ಬಂದಾನು', 'ಬಂದೀತು' ಎನ್ನುವಲ್ಲಿ ಪಟ್ಟಣದ ಮಕ್ಕಳು ಹೆಚ್ಚಾಗಿ 'ಬರಬಹುದು' ಎನ್ನುವರು. ಅರ್ಥಕ್ಕೆ ಕೊರತೆಯಿಲ್ಲವೆಂದು ಹೇಳುವವರುಂಟು, ನಾನು ಒಪ್ಪೆನು. ಮೆಟ್ಟಿಲ ಮೇಲೆ ಓಡುವ ಮಗುವಿಗೆ ನಮ್ಮ ತಾಯಿ "ಬಿದ್ದೀಯೆ!" ಎನ್ನುತ್ತಿದ್ದರು. ಆ ಒಂದು ಪದದಲ್ಲಿ ಸಂದೇಹ, ಭಯ, ನಿಷೇಧ ಮೂರೂ ಇದ್ದುವು. 'ಬೀಳಬಹುದು' ಎಂದರೆ ಯಾವ ಮಗು ನಿಂತೀತು?

ಇದನ್ನು ಕೇಳಿ ಹುಡುಗಿಯು ತನ್ನ ಪುಸ್ತಕದಲ್ಲಿ 'ನೋ ತೆ ಕಾಯ್ಗಾಸ್' ಎಂಬುದರ ಎದುರಿಗೆ 'ಬೀಳಬೇಡ' ಎಂದಿದ್ದುದನ್ನು ಹೊಡೆದುಹಾಕಿ, 'ಬಿದ್ದೀಯೆ' ಎಂದು ಬರೆದುಕೊಂಡಳು.